ಕಿವಿಯಿಂದ ಕೊಳ್ಳಬೇಕಾದ ವಸ್ತು

ತೆಂಗಿನಕಾಯಿಯನ್ನು ಕೊಳ್ಳುವವರು ಅದನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ಕಿವಿಗೆಂದೇ ಕೊಳ್ಳುವ ಸಂಗೀತದ ಯಂತ್ರವನ್ನಾದರೋ ಕಣ್ಣಿನಿಂದ ಪರೀಕ್ಷಿಸುತ್ತಾರೆ! ಅಂಗಡಿಗೆ ಹೋದ ಗೃಹಸ್ಥನ ದೃಷ್ಟಿ ಮೊದಲು ಬೀಳುವುದು ಪೆಟ್ಟಿಗೆಯ ಮೇಲೆ ಅಚ್ಚಾದ ವಾಟ್ ಸಂಖ್ಯೆಯ ಮೇಲೆ.

ಈ ಸಂಖ್ಯೆಯ ಮಾಯೆ ದೊಡ್ಡದು. 1990ರ ದಶಕದಲ್ಲಿ ಸಣ್ಣ ಟೇಪ್ ರೆಕಾರ್ಡರುಗಳ ಮೇಲೂ ‘ಪಿ.ಎಂ.ಪಿ.ಓ.’ ಎಂಬ ಹೆಸರಿನಲ್ಲಿ ನೂರಾರು ವಾಟುಗಳು ಮೆರೆಯುತ್ತಿದ್ದವು. ಅದು ಕ್ಷಣಮಾತ್ರದ ಶಕ್ತಿಯ ಲೆಕ್ಕ. ಅದನ್ನು ಅಳೆಯಲು ಸರ್ವಸಮ್ಮತವಾದ ನಿಯಮವಿಲ್ಲ. ಎಡೆಬಿಡದೆ ದೊರೆಯುವ ಶಕ್ತಿಯನ್ನು ತಿಳಿಸುವುದು ‘ಆರ್.ಎಂ.ಎಸ್.’ ಎಂದು ಬರೆದ ಸಂಖ್ಯೆ. ಅದೂ ಸರ್ವಸ್ವವಲ್ಲ. 20 ವಾಟಿನ ಬದಲು 40 ವಾಟಿನ ಯಂತ್ರವನ್ನು ಕೊಂಡರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಶಕ್ತಿಯು ಸುಮಾರು 10 ಪಟ್ಟು ಹೆಚ್ಚಬೇಕು.

ಹೆಚ್ಚು ಸದ್ದಿನ ಆಸೆಯ ಹಿಂದೆ ಎಷ್ಟೋ ಮನೆಗಳಲ್ಲಿ ಸದುದ್ದೇಶವೊಂದುಂಟು: ವಯಸ್ಸಾದ ತಾಯಿಗೆ ಕೇಳಿಸಲಿ ಎಂಬುದು. ಆದರೆ ಮುಪ್ಪಿನಲ್ಲಿ ಸಾಮಾನ್ಯವಾಗಿ ಮೊದಲು ಕುಗ್ಗುವುದು ಅತಿವೇಗದ ಕಂಪನಗಳನ್ನು ಹಿಡಿಯುವ ಶಕ್ತಿ. ‘ಸ’, ‘ಶ’ ಮೊದಲಾದ ವ್ಯಂಜನಗಳ ಗುರುತು ಇರುವುದು ಅಲ್ಲಿಯೇ. ಮೃದಂಗದ ಎಡಮುಖದ ನಾದವು ಕಿಟಕಿಯನ್ನು ನಡುಗಿಸಿದರೂ, ದೇವರನಾಮದ ನುಡಿಗಳು ಆಕೆಗೆ ಮಸುಕಾಗಿಯೇ ಉಳಿಯಬಹುದು. ಮಕ್ಕಳ ಸಂತೋಷಕ್ಕಾಗಿ ಆಕೆ ತಲೆಯಾಡಿಸುತ್ತಾಳೆ. ಹಾಡು ಮಾತ್ರ ಆಕೆಯನ್ನು ಮುಟ್ಟಿರುವುದಿಲ್ಲ.

ಆದುದರಿಂದ ಕೊಳ್ಳುವ ಮೊದಲು, ಮನೆಮಂದಿಗೆ ಬಾಯಿಪಾಠವಾದ ಹಾಡೊಂದನ್ನು ಅಂಗಡಿಯಲ್ಲಿ ಹಾಕಿಸಿ ಕೇಳಬೇಕು. ಸಾಧ್ಯವಾದರೆ ಹಿರಿಯರನ್ನೂ ಕರೆದೊಯ್ಯಬೇಕು. ಎರಡು ಯಂತ್ರಗಳನ್ನು ಹೋಲಿಸುವಾಗ ಸದ್ದು ಸಮವಾಗಿರಲಿ. ತುಸು ಗಟ್ಟಿಯಾಗಿ ನುಡಿದದ್ದೇ ಉತ್ತಮವೆಂದು ತೋರುವುದು ಕಿವಿಯ ದೌರ್ಬಲ್ಯ. ಸದ್ದನ್ನು ತಗ್ಗಿಸಿದಾಗಲೂ ಅಕ್ಷರಗಳು ಬಿಡಿಬಿಡಿಯಾಗಿ ಕೇಳುತ್ತವೆಯೇ? ಗಾಯಕನು ಮೌನವಾದಾಗ ಹಿಂದಿನ ತಂಬೂರಿಯ ಶ್ರುತಿ ತಿಳಿಯುತ್ತದೆಯೇ? ಇವೆರಡಕ್ಕೂ ಹೌದೆಂದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಮನೆಯದು. ಬರಿಯ ಗೋಡೆ, ನುಣುಪಾದ ನೆಲ ಸದ್ದನ್ನು ಮರಳಿ ಎಸೆದು ಮಾತನ್ನು ಕಲಸುತ್ತವೆ; ಮೂಲೆಗೆ ಒತ್ತಿದ ಸ್ಪೀಕರು ಮಂದ್ರವನ್ನು ಉಬ್ಬಿಸಿ ನುಡಿಯನ್ನು ಮುಚ್ಚುತ್ತದೆ. ಅದನ್ನು ಗೋಡೆಯಿಂದ ಕೊಂಚ ಈಚೆಗೆ, ಕುಳಿತವರ ಕಿವಿಯ ಮಟ್ಟಕ್ಕೆ ಇರಿಸಿ, ನೆಲಕ್ಕೊಂದು ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿದರೆ, ನೂರು ವಾಟು ಮಾಡದ ಉಪಕಾರವಾದೀತು.

ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಕೇಳಿಸುವ ಕಿವಿಯೇ ಯಂತ್ರದ ನಿಜವಾದ ಪರೀಕ್ಷಕ. ಅದು ಒಪ್ಪಿದ ಮೇಲೆ ಬೆಲೆಯ ಚೀಟಿಯನ್ನು ನೋಡಿದರೂ ತಡವಾಗದು.