ಹೆಸರಿನ ಮೇಳವೋ, ನಾದದ ಮೇಳವೋ?

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಸಂಗೀತವು ಬಳುವಳಿಯಾಗಿ ಬಂದುದು. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣಾರ್ಥವಾಗಿ ಅವರ ಶಿಷ್ಯರಾದ ಗದಗಿನ ಪಂಡಿತ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಉತ್ಸವವು ಡಿಸೆಂಬರ್ ತಿಂಗಳಿನಲ್ಲಿ ಈ ನಗರದಲ್ಲಿಯೇ ನಡೆಯುತ್ತದೆ. ಅಲ್ಲಿ ಕೇಳಿದ ನಾದವನ್ನು ಮನೆಯಲ್ಲಿಯೂ ಕೇಳಬೇಕೆಂಬ ಹಂಬಲದಿಂದ ಬುಧವಾರ ಪೇಟೆಯ ಅಂಗಡಿಗಳಿಗೆ ಹೋದವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಆಂಪ್ಲಿಫೈಯರ್, ಸ್ಪೀಕರ್ ಮುಂತಾದುವೆಲ್ಲ ಒಂದೇ ಕಂಪನಿಯವಾಗಿರಬೇಕೋ, ಬೇರೆ ಬೇರೆ ಕಂಪನಿಗಳವನ್ನು ಆರಿಸಬಹುದೋ? ಹಲವು ತಿಂಗಳ ಉಳಿತಾಯವು ಒಂದೇ ದಿನ ವೆಚ್ಚವಾಗುವ ಸಂದರ್ಭವಾದುದರಿಂದ ಇದನ್ನು ಕೊಂಚ ವಿವೇಚಿಸುವುದು ಯುಕ್ತವಾಗಿದೆ.

ಒಂದೇ ಕಂಪನಿಯನ್ನು ನಂಬುವವರ ವಾದದಲ್ಲಿ ಹುರುಳಿಲ್ಲದಿಲ್ಲ. ಎಲ್ಲಕ್ಕೂ ರಿಮೋಟ್ ಒಂದೇ. ತಂತಿಗಳು ತಾವಾಗಿ ಹೊಂದುತ್ತವೆ. ಕೆಟ್ಟರೆ ಹೋಗಬೇಕಾದ ಬಾಗಿಲೂ ಒಂದೇ. ಆದರೆ ಇಡಿಯಾಗಿ ಮಾರುವ ಕೆಲವು ಸೆಟ್ಟುಗಳಲ್ಲಿ ತಂತಿಯ ತುದಿಯೂ ಆ ಕಂಪನಿಗೇ ಮೀಸಲು. ಒಂದು ಭಾಗ ಕೆಟ್ಟರೆ ಉಳಿದವೂ ಮೂಕವಾಗುತ್ತವೆ. ನಮ್ಮ ನೆರೆಮನೆಯಲ್ಲಿ ಹೀಗೆಯೇ ಆಯಿತು. ಆಂಪ್ಲಿಫೈಯರ್ ಕೆಟ್ಟಿತು, ಬಿಡಿಭಾಗ ದೊರೆಯಲಿಲ್ಲ, ಸುಸ್ಥಿತಿಯಲ್ಲಿದ್ದ ಐದು ಸ್ಪೀಕರುಗಳೂ ಅಟ್ಟವನ್ನು ಸೇರಿದವು.

ಹಾಗಾದರೆ ಮನಬಂದಂತೆ ಬೆರೆಸಬಹುದೇ? ಸಂಗೀತ ಕಚೇರಿಯನ್ನೇ ನೋಡೋಣ. ತಂಬೂರಿ ಮಿರಜಿನದು; ತಬಲಾ ಇನ್ನೊಂದು ಊರಿನದು; ಹಾರ್ಮೋನಿಯಂ ಮತ್ತೊಂದರದು. ಇವೆಲ್ಲ ಒಬ್ಬನೇ ಕುಶಲಕರ್ಮಿಯ ಕೈಕೆಲಸವೇ ಎಂದು ಯಾರೂ ವಿಚಾರಿಸುವುದಿಲ್ಲ; ಶ್ರುತಿ ಕೂಡಿದೆಯೇ ಎಂದಷ್ಟೇ ನೋಡುತ್ತೇವೆ. ಆದರೆ ಗಾಯಕನ ಹಿಂದೆ ಮಿಡಿಯುವ ಎರಡು ತಂಬೂರಿಗಳ ನಾದವು ಒಂದರಲ್ಲೊಂದು ಕರಗಲೇಬೇಕು. ನಮ್ಮ ಪ್ರಶ್ನೆಗೂ ಇದೇ ಉತ್ತರವೆಂಬುದು ನಮ್ಮ ಅಭಿಮತ.

ಕೂಡಿ ಹಾಡುವ ಸ್ಪೀಕರುಗಳು ಒಂದೇ ಕುಲದವಾಗಿರಲಿ. ಎಡಬಲಗಳ ಜೋಡಿಯಂತೂ ಸರ್ವಥಾ ಒಂದೇ ಆಗಿರತಕ್ಕದ್ದು. ಸಿನೆಮಾ ನೋಡುವ ಮನೆಯಲ್ಲಿ ನಡುವಿನ ಸ್ಪೀಕರೂ ಅದೇ ಕಂಪನಿಯ ಅದೇ ಶ್ರೇಣಿಯದಾಗಿದ್ದರೆ ಲೇಸು. ಇಲ್ಲವಾದರೆ ಪರದೆಯ ಎಡದಿಂದ ಬಲಕ್ಕೆ ನಡೆದ ಮನುಷ್ಯನ ಕಂಠವು ನಡುದಾರಿಯಲ್ಲಿ ಬದಲಾದಂತೆ ಕೇಳುತ್ತದೆ. ಮಂದ್ರನಾದಕ್ಕೆಂದೇ ಇರುವ ಸಬ್‌ವೂಫರಿಗೆ ಈ ಕಟ್ಟಳೆ ಬೇಡ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ನಾದವು ಯಾವ ದಿಕ್ಕಿನಿಂದ ಬಂದಿತೆಂಬುದನ್ನು ನಮ್ಮ ಕಿವಿಯು ಸುಲಭವಾಗಿ ಗುರುತಿಸಲಾರದು.

ಆಂಪ್ಲಿಫೈಯರಿಗೂ ಸ್ಪೀಕರಿಗೂ ಹೆಸರು ಹೊಂದಬೇಕಾಗಿಲ್ಲ, ಅಂಕೆ ಹೊಂದಬೇಕು. ಸ್ಪೀಕರಿನ ಬೆನ್ನ ಮೇಲೆ 4 ಓಮ್, 8 ಓಮ್ ಎಂದು ಬರೆದಿರುತ್ತದೆ. 8 ಓಮಿಗೆಂದೇ ಮಾಡಿದ ಆಂಪ್ಲಿಫೈಯರಿಗೆ 4 ಓಮಿನದನ್ನು ಜೋಡಿಸಿದರೆ ವಿದ್ಯುತ್ ಪ್ರವಾಹವು ಹೆಚ್ಚುಕಡಿಮೆ ಇಮ್ಮಡಿಯಾಗಿ ಯಂತ್ರವು ಕಾಯುತ್ತದೆ, ಸುಟ್ಟುಹೋಗಲೂಬಹುದು. 8 ಓಮಿನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದಾಗಲೂ ಒಟ್ಟು 4 ಓಮ್ ಆಗುವುದೆಂಬುದನ್ನು ಮರೆಯಬಾರದು. ಇನ್ನೊಂದು ಅಂಕೆಯು ಸಂವೇದನೆಯದು. ಒಂದು ಸ್ಪೀಕರಿನ ಸಂವೇದನೆಯು ಮತ್ತೊಂದಕ್ಕಿಂತ 3 ಡೆಸಿಬೆಲ್ ಕಡಿಮೆಯಿದ್ದರೆ ಅಷ್ಟೇ ಗಟ್ಟಿಯಾಗಿ ನುಡಿಯಲು ಅದಕ್ಕೆ ಎರಡರಷ್ಟು ವ್ಯಾಟ್ ಬೇಕು.

ಕಡೆಯ ತೀರ್ಪು ಕಿವಿಯದು. ನಮಗೆ ಕಂಠಪಾಠವಾದ ಒಂದು ಹಾಡನ್ನು ಅಂಗಡಿಯಲ್ಲಿ ಹಾಕಿಸಿ, ಕಂಪನಿಯ ಹೆಸರು ಕಾಣದಂತೆ ಕಣ್ಣುಮುಚ್ಚಿ ಕೇಳಬೇಕು. ಬರಿಯ ಗೋಡೆ, ಕಲ್ಲುನೆಲಗಳ ಕೋಣೆಯಲ್ಲಿ ಎಂಥ ಸ್ಪೀಕರೂ ಮಾರ್ದನಿಗೊಡುವುದರಿಂದ, ಸಾಧ್ಯವಾದರೆ ಮನೆಯಲ್ಲಿಯೂ ಕೇಳಿ ನೋಡುವುದೊಳಿತು.

ಶಾಲೆಯಲ್ಲಿ ಓಮನ ನಿಯಮವನ್ನು ಪರೀಕ್ಷೆಗೆಂದು ಉರುಹೊಡೆಯುವ ನಾವು, ತಂದೆಯವರು ದುಡಿದ ಹಣ ವೆಚ್ಚವಾಗುವ ವೇಳೆಗೆ ಅದನ್ನು ಮರೆತು ಜಾಹೀರಾತಿನ ಮಾತಿಗೆ ತಲೆದೂಗುವುದು ತರವಲ್ಲ. ಮುಂದಿನ ಬಾರಿ ಹಿರಿಯರೊಡನೆ ಅಂಗಡಿಗೆ ಹೋದಾಗ ಪೆಟ್ಟಿಗೆಯ ಮುಂಭಾಗದ ಹೆಸರನ್ನು ಅವರು ನೋಡುತ್ತಿರಲಿ. ಹಿಂಭಾಗದ ಅಂಕೆಗಳನ್ನು ನಾವು ಓದಿ ಹೇಳೋಣ. ಕಲಿತ ವಿದ್ಯೆಯು ಮನೆಗೆ ಒದಗಿದ ಸಂತೋಷವೂ ಅಂದಿನ ಸಂಗೀತದೊಡನೆ ಕೂಡಿಬರುವುದು.