ಹಳೆಯ ನಿಲ್ದಾಣಗಳೂ ಹೊಸ ಸಿಮೆಂಟೂ

ಹಳೆಯ ರೈಲು ನಿಲ್ದಾಣಗಳನ್ನು ಕೆಡಹುವುದೇ ಪ್ರಗತಿಯೆಂದು ವಾದಿಸುವ ಮಹಾಶಯರು ನಮ್ಮಲ್ಲಿ ಹಲವರುಂಟು. ಅವು ಪರಕೀಯರ ದಾಸ್ಯದ ಗುರುತುಗಳು, ಇಂದಿನ ಜನಸಂದಣಿಗೆ ಸಾಲವು ಎಂಬುದು ಅವರ ವಾದ.

ಬಂಡವಾಳ ಪರಕೀಯರದಿರಬಹುದು, ಕಲ್ಲು ಒಡೆದ, ಗಾರೆ ಅರೆದ ಕೈಗಳು ಈ ನೆಲದವೇ. ಮುಂಬಯಿಯಿಂದಲೂ ಮದರಾಸಿನಿಂದಲೂ ಹೊರಟ ಹಳಿಗಳು 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿ. ಇದು ನಮ್ಮ ಜಿಲ್ಲೆಯ ಚರಿತ್ರೆಯಲ್ಲದೆ ಮತ್ತಾರದು?

ಇನ್ನು ಜಾಗದ ಮಾತು. ಹೊಸದನ್ನು ಪಕ್ಕದಲ್ಲಿ ಕಟ್ಟಲಿ, ಬೇಡವೆಂದವರಾರು? ಬೆಂಗಳೂರು–ಚಿಕ್ಕಬಳ್ಳಾಪುರದ ಕಿರುಹಳಿ ಮಾರ್ಗಕ್ಕೆ 1915ರ ಸುಮಾರಿನಲ್ಲಿ ಕಟ್ಟಿದ ನಂದಿ ಹಾಲ್ಟ್ ನಿಲ್ದಾಣ ಪಾಳುಬಿದ್ದಿತ್ತು. ಇಂಟ್ಯಾಕ್ ಸಂಸ್ಥೆಯವರು ಅದನ್ನು ಜೀರ್ಣೋದ್ಧಾರ ಮಾಡಿದರು. ಮನಸ್ಸಿದ್ದರೆ ಮಾರ್ಗವುಂಟು.

ಕೆಡಹದೆ ಸಿಮೆಂಟು ಮೆತ್ತುವುದೂ ಕೇಡೇ. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಬಂಧಿಸಿ ಕಲ್ಲು ಇಟ್ಟಿಗೆಗಳನ್ನು ಸವೆಯಿಸುತ್ತದೆ. ಅಲಂಕಾರವೆಂಬ ಹೆಸರಿನಲ್ಲಿ ನಡೆಯುವ ಈ ನಿಧಾನವಧೆಯೂ ನಿಲ್ಲಬೇಕು.

ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಕಾಪಾಡಲು ಇಲ್ಲಿ ಹಳೆಯ ನಿಲ್ದಾಣವಿಲ್ಲ. ಆದರೆ ಆರ್.ಎಚ್. ಕ್ಯಾಂಪಿನಲ್ಲಿ, ಪೂರ್ವ ಬಂಗಾಳದ ಮನೆಮಠಗಳನ್ನು ತೊರೆದು ಬಂದವರ ಕುಟುಂಬಗಳಿವೆ. ಕಳೆದ ಕಟ್ಟಡದ ಬೆಲೆಯನ್ನು ಅವರಿಂದ ಕೇಳಿ ತಿಳಿಯಬಹುದು. ಅವರು ಕಳೆದುಕೊಂಡದ್ದು ನಿರ್ವಾಹವಿಲ್ಲದೆ. ಇರುವುದನ್ನು ಕೈಯಾರೆ ಕೆಡಹಿದರೆ ನಾವು ಮಕ್ಕಳಿಗೆ ಯಾವ ನೆವ ಹೇಳೋಣ?