ಓಟು ಹಾಕಬಹುದು, ಮೈಕ್ ಮುಂದೆ ಮಾತಾಡಬಾರದು!

ಪ್ಲೇಸ್‌ಮೆಂಟ್ ಸೀಸನ್ ಬಂತೆಂದರೆ ನಮಗೆಲ್ಲ ಗ್ರೂಪ್ ಡಿಸ್ಕಷನ್ ತರಬೇತಿ ಶುರು. ಮೀಸಲಾತಿ, ನಿರುದ್ಯೋಗ, ಉಚಿತ ಯೋಜನೆಗಳು, ಯಾವ ವಿಷಯ ಕೊಟ್ಟರೂ ಹತ್ತು ನಿಮಿಷ ಮಾತಾಡಬೇಕು, ಅದೂ ಇಂಗ್ಲಿಷಿನಲ್ಲಿ. ಚೆನ್ನಾಗಿ ಮಾತಾಡಿದವರು ಮುಂದಿನ ರೌಂಡಿಗೆ. ಅದೇ ನಾಲ್ಕು ಜನ ಅದೇ ವಿಷಯವನ್ನು ಕ್ಯಾಂಪಸ್ ರೇಡಿಯೋದಲ್ಲಿ ಕನ್ನಡದಲ್ಲಿ ಚರ್ಚೆ ಮಾಡಿದರೆ? ಅದು ನಿಯಮಕ್ಕೆ ವಿರುದ್ಧ!

ತಮಾಷೆಯಲ್ಲ. ನಮ್ಮ ದೇಶದಲ್ಲಿ ಕಾಲೇಜುಗಳಿಗೆ ಪರವಾನಗಿ ಸಿಗುವುದು ಸಮುದಾಯ ರೇಡಿಯೋ ನೀತಿಯಡಿ. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಶುರುವಾಯ್ತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. ಆದರೆ ಸುದ್ದಿ, ಪ್ರಚಲಿತ ವಿದ್ಯಮಾನ, ರಾಜಕೀಯದ ಕಾರ್ಯಕ್ರಮ ಮಾತ್ರ ಬೇಡ ಎಂಬ ಷರತ್ತು ಹಾಗೇ ಉಳಿಯಿತು. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದಹಾಗೆ ಮರುಪ್ರಸಾರ ಮಾಡಬಹುದು. ಅಂದರೆ ವಾರ್ತೆ ಕೇಳಿಸಬಹುದು, ಅದರ ಬಗ್ಗೆ ತುಟಿ ಬಿಚ್ಚಬಾರದು.

ಇದರಿಂದ ನಷ್ಟ ಯಾರಿಗೆ? 2024ರ ಜುಲೈ ನೆನಪಿಸಿಕೊಳ್ಳಿ. ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70. ಉದ್ಯಮಿಗಳು ತಿರುಗಿಬಿದ್ದ ಮೇಲೆ ಒಂದೆರಡು ದಿನದಲ್ಲೇ ತಡೆಹಿಡಿಯಲಾಯಿತು. ಟಿವಿಯಲ್ಲಿ ಪಕ್ಷದ ವಕ್ತಾರರು ಕೂಗಾಡಿದರು, ಉದ್ಯಮಿಗಳು ಹೇಳಿಕೆ ಕೊಟ್ಟರು. ಆ ಕೆಲಸಗಳಿಗೆ ಅರ್ಜಿ ಹಾಕಬೇಕಾದವರು ನಾವು! ರಾಯಚೂರಿನ ಹುಡುಗಿ ಏನಂತಾಳೆ, ಬಿಹಾರದಿಂದ ಬಂದು ಇಲ್ಲೇ ನಾಲ್ಕು ವರ್ಷ ಓದಿದ ಗೆಳೆಯ ಏನಂತಾನೆ? ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳಬಹುದಾಗಿದ್ದ ಜಾಗ ಕ್ಯಾಂಪಸ್ ರೇಡಿಯೋ. ಅದರ ಬಾಯಿಗೇ ಬೀಗ.

'ರಾಜಕೀಯ ಬಂದ್ರೆ ಗಲಾಟೆ ಆಗುತ್ತೆ, ಪಕ್ಷದವರು ಒಳಗೆ ಬರ್ತಾರೆ' ಎಂದು ಹಿರಿಯರು ಹೇಳುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ಗಲಾಟೆ ಈಗಾಗಲೇ ಹಾಸ್ಟೆಲ್ಲಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನಡೀತಾ ಇದೆ. ಅಲ್ಲಿ ಯಾರು ಏನು ಹೇಳಿದರೂ ಲೆಕ್ಕ ಕೇಳುವವರಿಲ್ಲ. ರೇಡಿಯೋದಲ್ಲಿ ಹಾಗಲ್ಲ. ನಿರೂಪಕರಿರುತ್ತಾರೆ, ಸಮಯ ಅಳೆಯುವವರಿರುತ್ತಾರೆ, ಪ್ರಸಾರವಾದದ್ದನ್ನು ಮೂರು ತಿಂಗಳು ಕಾಪಿಡಬೇಕೆಂಬ ನಿಯಮವೂ ಇದೆ. ಯಾರಾದರೂ ಎಲ್ಲೆ ಮೀರಿದರೆ ಸಾಕ್ಷಿ ಅಲ್ಲೇ ಇರುತ್ತದೆ. ಇನ್ನೊಂದು ಅನುಕೂಲವೂ ಇದೆ: ಟಿವಿಯಲ್ಲಿ ಆರು ಜನ ಒಟ್ಟಿಗೆ ಕಿರುಚಿದರೆ ಮುಖ ನೋಡಿಕೊಂಡಾದರೂ ಕೂರಬಹುದು. ರೇಡಿಯೋದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೂ ಬರೀ ನಾಯ್ಸ್! ಸರದಿ ಕಾಯುವುದನ್ನು ಈ ಮಾಧ್ಯಮವೇ ಕಲಿಸುತ್ತದೆ.

ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಮತದಾನದ ವಯಸ್ಸು 18ಕ್ಕೆ ಇಳಿದದ್ದು 1989ರಲ್ಲಿ. ಇನ್ನು, ಮೈಸೂರಿನಲ್ಲಿ 1935ರಲ್ಲೇ ತಮ್ಮ ಮನೆಯಿಂದ 'ಆಕಾಶವಾಣಿ' ನಡೆಸಿದ ಎಂ.ವಿ. ಗೋಪಾಲಸ್ವಾಮಿಯವರು ಕಾಲೇಜು ಮೇಷ್ಟ್ರು. ಕಾಲೇಜಿಗೂ ರೇಡಿಯೋಗೂ ಇರುವ ನಂಟು ನಮ್ಮ ನಾಡಿಗೆ ಹೊಸದೇನಲ್ಲ.

ನಾವು ಕೇಳುವುದು ಇಷ್ಟೇ. ಪಕ್ಷದ ಪ್ರಚಾರ ಬೇಡ, ಚರ್ಚೆಗೆ ಅವಕಾಶ ಕೊಡಿ. ನೂರು ವಾಟ್‌ನ ಪುಟ್ಟ ಕೇಂದ್ರದಲ್ಲಿ ನಾಲ್ಕು ವಿದ್ಯಾರ್ಥಿಗಳು ಕೂತು ಬಜೆಟ್ ಬಗ್ಗೆ ಮಾತಾಡಿದರೆ ದೇಶವೇನೂ ಅಲುಗಾಡುವುದಿಲ್ಲ. ನಿಯಮ ಬದಲಾಗುವವರೆಗೆ ನಾವೂ ಸುಮ್ಮನೆ ಕೂರಬೇಕಿಲ್ಲ. ಪಾಡ್‌ಕಾಸ್ಟಿಗೆ ಈ ಪರವಾನಗಿ ಬೇಕಿಲ್ಲ, ಒಂದು ಫೋನು ಸಾಕು. ಪ್ರತಿ ಚರ್ಚೆಯಲ್ಲೂ ಎರಡೂ ಕಡೆಯವರಿರಲಿ, ಅಂಕಿಅಂಶ ಹೇಳಿದವರು ಅದು ಎಲ್ಲಿಂದ ಬಂತೆಂದೂ ಹೇಳಲಿ, ಹುಡುಗಿಯರನ್ನು ಬರೀ ನಿರೂಪಣೆಗೆ ಕೂರಿಸಿ ಕೈತೊಳೆದುಕೊಳ್ಳುವುದು ನಿಲ್ಲಲಿ. ಹೀಗೆ ಹತ್ತು ಕಂತು ಮಾಡಿ ತೋರಿಸಿದರೆ, 'ಹುಡುಗರಿಗೆ ಜವಾಬ್ದಾರಿ ಇಲ್ಲ' ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.